ವಿಭೂತಿ ಡಬ್ಬಿಯಲ್ಲಿ ಮೇಣದ ತುಂಡು

ಹೊಸಮನೆ, ಭದ್ರಾವತಿ
12 ಫೆಬ್ರವರಿ 2007, ಸೋಮವಾರ

ಸುಮನಾ,

ಮಧ್ಯಾಹ್ನ ಎರಡು ಗಂಟೆ. ಕಾರ್ಖಾನೆಯ ಸೈರನ್ ಈಗ ತಾನೇ ನಿಂತಿತು. ಬೆಳಿಗ್ಗೆ ಮಲವಗೊಪ್ಪದ ಹೊಲಕ್ಕೆ ಹೋಗಿ ಬಂದೆ. ಶಿವರಾತ್ರಿಯೊಳಗೆ ಮುಗಿಯಬೇಕೆಂದು ನಿನ್ನ ಚಿಕ್ಕಪ್ಪ ತಾವೇ ನಿಂತು ಪ್ರಸನ್ನನ ಗದ್ದುಗೆ ಕಟ್ಟಿಸಿದರು. ನಿನ್ನ ಅಣ್ಣ ಹೋಗಿ ಹತ್ತು ವರ್ಷ ಅದು ಬರೀ ಮಣ್ಣಿನ ದಿಬ್ಬವಾಗಿತ್ತು. ಈಗ ಸಿಮೆಂಟು, ಮೇಲೆ ಕೆಂಪು ಟೈಲ್ಸ್. ನೀರು ಹಾಕಿ ಪತ್ರೆ ಇಟ್ಟು ಬಂದೆ. ಮನೆಗೆ ಬಂದು ಅನ್ನ ಮಾಡಿದೆ, ಉಣ್ಣಲಿಲ್ಲ. ಮೊದಲು ನಿನಗೆ ಬರೆಯಬೇಕು ಅನ್ನಿಸಿತು.

ನಿನ್ನೆ ಅಳಿಯಂದಿರು ಫೋನ್ ಮಾಡಿದ್ದರು. ಬೆಂಗಳೂರಿನಲ್ಲಿ ನಿನಗೆ ಆಪರೇಷನ್ ಆದಾಗ ಆಸ್ಪತ್ರೆಯವರು ಕೊಟ್ಟ ಮೇಣದ ತುಂಡು ಎಲ್ಲಿದೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಗೊತ್ತಿದೆ.

ಕಳೆದ ಜುಲೈಯಲ್ಲಿ ನಿನ್ನನ್ನು ಮನೆಗೆ ಕಳಿಸುವ ದಿನ ಅವರು ಔಷಧಿ ತರಲು ಕೆಳಗೆ ಹೋಗಿದ್ದರು. ನರ್ಸಮ್ಮ ಒಂದು ಕವರ್ ನನ್ನ ಕೈಗೆ ಕೊಟ್ಟು ರುಜು ಹಾಕಿಸಿಕೊಂಡಳು. ಏನಮ್ಮ ಇದು ಎಂದೆ. "ನಿಮ್ಮ ಮಗಳ ತಲೆಯಿಂದ ತೆಗೆದ ಗಡ್ಡೆ. ಒಂಚೂರು ಮೇಣದಲ್ಲಿಟ್ಟಿದೀವಿ, ಜೋಪಾನ" ಅಂದಳು. ಮಿಕ್ಕಿದ್ದು ಎಲ್ಲಿ ಎಂದೆ. "ಅದನ್ನೆಲ್ಲ ಸುಟ್‌ಬಿಡ್ತಾರೆ."

ನಮ್ಮಲ್ಲಿ ಸುಡುವುದಿಲ್ಲ. ನಿನಗೆ ಗೊತ್ತು. ಪ್ರಸನ್ನನ ತಲೆಯಿಂದ ತೆಗೆದದ್ದನ್ನೂ ಹಾಗೆಯೇ ಸುಟ್ಟಿದ್ದರು. ಅದು ನನಗೆ ತಿಳಿದದ್ದು ಅವನನ್ನು ಮಣ್ಣಿನಲ್ಲಿ ಕೂರಿಸಿದ ಮೇಲೆ. ಅವನು ಪೂರ್ತಿಯಾಗಿ ಹೋಗಲಿಲ್ಲ ಎನ್ನುವುದು ಇಷ್ಟು ವರ್ಷವೂ ಒಳಗೇ ಇತ್ತು. ನಿನ್ನದೂ ಹಾಗಾಗುವುದು ಬೇಡವೆಂದು ಸ್ಟೀಲಿನ ಡಬ್ಬಿಯಲ್ಲಿ ವಿಭೂತಿ ತುಂಬಿ, ನಡುವೆ ಆ ತುಂಡನ್ನಿಟ್ಟು, ಅವನ ದಿಬ್ಬದ ಪೂರ್ವದ ಮೂಲೆಯಲ್ಲಿ ಒಂದು ಮೊಳ ಅಗೆದು ಇಟ್ಟು ಬಂದೆ. ಯಾರಿಗೂ ಹೇಳಲಿಲ್ಲ. ಇವತ್ತು ಅದರ ಮೇಲೂ ಸಿಮೆಂಟು ಬಂದಿದೆ.

ಇದಿಷ್ಟು ಹೇಳಬೇಕಿತ್ತು. ಈಗ ಉಣ್ಣುತ್ತೇನೆ.

ಅಳಿಯಂದಿರಿಗೆ ಸುಳ್ಳು ಹೇಳಿದ ನಿನ್ನ ತಾಯಿ,
ಸುಭದ್ರಮ್ಮ

*

ವಿದ್ಯಾನಗರ, ಶಿವಮೊಗ್ಗ
17 ಫೆಬ್ರವರಿ 2007

ಅಮ್ಮಾ,

ನಿನ್ನ ಪತ್ರ ಓದಿ ಫೋನ್ ಕೈಗೆತ್ತಿಕೊಂಡೆ, ಮತ್ತೆ ಇಟ್ಟೆ. ಫೋನಿನಲ್ಲಿ ನಾನು ಒಂದು ಪದ ಹುಡುಕುವಷ್ಟರಲ್ಲಿ ನೀನು ಅಳಲು ಶುರು ಮಾಡುತ್ತೀಯ. ಇವರು ಪಕ್ಕದಿಂದ ಪದ ಹೇಳಿಕೊಡುತ್ತಾರೆ, ಅದು ನಾನು ಹುಡುಕುತ್ತಿದ್ದ ಪದ ಆಗಿರುವುದಿಲ್ಲ. ಟೈಪ್ ಮಾಡುವಾಗ ಯಾರೂ ಅವಸರ ಮಾಡುವುದಿಲ್ಲ. ನನ್ನ ಇನ್‌ಸ್ಟಿಟ್ಯೂಟಿನ ಹಳೆಯ ಕನ್ನಡ ಮೆಷಿನ್ ಇದು. ಬಲಗೈ ಸೋತಿರುವುದರಿಂದ ಎಡಗೈ ಒಂದರಲ್ಲೇ ಕುಟ್ಟುತ್ತಿದ್ದೇನೆ. ಹುಡುಗಿಯರಿಗೆ ಹತ್ತು ಬೆರಳು ಬಳಸಿ ಎಂದು ಬಯ್ಯುವ ಟೀಚರ್ ನಾನೇ.

ಮೊನ್ನೆ ಇವರು, "ಮಾತು ಪೂರ್ತಿ ನಿಂತ್ರೆ ನಿನ್ನ ತ್ಯಾವರೆಕೊಪ್ಪದ ಸಫಾರಿಗೆ ಬಿಟ್ಟು ಬರ್ತೀನಿ ಮಾರಾಯ್ತಿ, ಹುಲಿ ಜೊತೆ ಗುರುಗುಟ್ಕೊಂಡಿರು" ಅಂದರು. ಸ್ವಲ್ಪ ಹೊತ್ತು ಹುಡುಕಿ, "ಹುಲಿಗೆ ನೀವೇ ಊಟ" ಅಂದೆ. ನಾನು ಇನ್ನೂ ಇದ್ದೇನೆ ಎಂದು ನಿನಗೆ ನೆನಪಿಸಲು ಇದನ್ನು ಬರೆದೆ.

ಈಗ ವಿಷಯ. ಹೊಸ ಸ್ಕ್ಯಾನಿನಲ್ಲಿ ಗಡ್ಡೆ ಮತ್ತೆ ಬೆಳೆದಿರುವುದು ಕಾಣಿಸಿದೆ. ಈಗ ನೋಡುತ್ತಿರುವವರು ಹೊಸ ಡಾಕ್ಟರು, ಹೆಂಗಸು. ನೇರ ಮಾತು. "ನಿಮ್ಮ ಅಣ್ಣನಿಗಿದ್ದ ಗಡ್ಡೆ, ನಿಮ್ಮ ಗಡ್ಡೆ ಎರಡೂ ತಲೆಯೊಳಗೆ ಬೆಳೆದವು, ಅಷ್ಟೇ. ಒಂದೂರಿನೋರು ಅಂದ್ರೆ ಒಂದೇ ಮನೆಯೋರಾ?" ಎಂದು ಕೇಳಿದರು. ಅವರು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ನಮ್ಮ ಮೈಯ ಒಂದೊಂದು ಕಣದಲ್ಲೂ ನಂಬರಿನ ಎಳೆಗಳ ಮೇಲೆ ಒಂದು ಬರಹ ಇರುತ್ತದೆ. ಕಣ ಎರಡಾಗುವಾಗ ಅದರ ನಕಲು ಆಗಬೇಕು. ಗಡ್ಡೆಯ ಕಣ ನಕಲು ಮಾಡುವಾಗ ತಪ್ಪು ಮಾಡುತ್ತದೆ. ಒಬ್ಬೊಬ್ಬರ ಗಡ್ಡೆಯಲ್ಲಿ ಒಂದೊಂದು ತಪ್ಪು. ನನ್ನ ಥರದ ಗಡ್ಡೆಗಳಲ್ಲಿ ಕೆಲವರಿಗೆ ಎರಡು ಕಡೆ ಸಾಲುಗಳೇ ಬಿಟ್ಟುಹೋಗಿರುತ್ತವಂತೆ, ಒಂದನೇ ನಂಬರಿನ ಎಳೆಯಲ್ಲಿ ಒಂದು ತುಂಡು, ಹತ್ತೊಂಬತ್ತನೆಯದರಲ್ಲಿ ಒಂದು ತುಂಡು. ಎರಡೂ ಬಿಟ್ಟುಹೋಗಿದ್ದರೆ ಮಾತ್ರೆಗೆ ಗಡ್ಡೆ ಬಗ್ಗುವ ಸಂಭವ ಜಾಸ್ತಿ. ಆಗ ಕರೆಂಟು ಕೊಡುವುದನ್ನು, ಅಂದರೆ ರೇಡಿಯೇಷನ್ನನ್ನು, ಸದ್ಯಕ್ಕೆ ಮುಂದೂಡಬಹುದು.

ಅದನ್ನು ನೋಡಲು ಬೇಕಾಗಿರುವುದು ನೀನು ಹೂತ ತುಂಡು. ಅದಿಲ್ಲದಿದ್ದರೆ ಮತ್ತೆ ತಲೆ ತೆರೆದು ಹೊಸ ತುಂಡು ತೆಗೆಯಬೇಕು. ಗಡ್ಡೆ ಇರುವುದು ಮಾತಿನ ಜಾಗದ ಪಕ್ಕದಲ್ಲಿ. ಇನ್ನೊಂದು ಸಲ ಕೈಹಾಕಿದರೆ ಉಳಿದಿರುವ ಮಾತೂ ಹೋಗಬಹುದು ಎಂದು ಡಾಕ್ಟರೇ ಹೇಳಿದ್ದಾರೆ.

ಇನ್ನೊಂದು. ಅವರು ನೋಡುವುದು ಗಡ್ಡೆಯೊಳಗಿನ ತಪ್ಪನ್ನು. ಅದು ನಿನ್ನ ಹೊಟ್ಟೆಯಿಂದ ಬಂದದ್ದಲ್ಲ. ನೀನು ಯಾವತ್ತೂ ಬಾಯಿ ಬಿಟ್ಟು ಕೇಳಿಲ್ಲ, ಆದರೂ ಹೇಳುತ್ತಿದ್ದೇನೆ.

ಮೂಲೆ ಒಡೆಸು ಅಮ್ಮ.

ಒಂದೇ ಕೈಯ
ಸುಮನಾ

*

ಹೊಸಮನೆ, ಭದ್ರಾವತಿ
26 ಫೆಬ್ರವರಿ 2007, ಸೋಮವಾರ

ಸುಮನಾ,

ಸಂಜೆ ಐದು ಗಂಟೆ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರಲಿಲ್ಲ. ಆಮೇಲೆ ಹೊಲಕ್ಕೆ ಹೋದೆ. ಮಧ್ಯಾಹ್ನ ನಿನ್ನ ಚಿಕ್ಕಪ್ಪನ ಮನೆಗೆ ಹೋಗಿ ನಿನ್ನ ಪತ್ರದ ವಿಷಯ ಹೇಳಿದೆ.

ಕೊಟ್ರಬಸಪ್ಪನವರು ಅಡಿಕೆ ಕತ್ತರಿಸುತ್ತಾ ಕೂತಿದ್ದವರು ಕತ್ತರಿ ಕೆಳಗಿಟ್ಟರು. "ಅತ್ತಿಗೆ, ಗದ್ದುಗೆ ಒಡೆಯೋದು ಅಂದ್ರೆ ಹುಡುಗಾಟನಾ? ಅಯ್ಯನೋರನ್ನ ಕರೆಸಿ ಪೂಜೆ ಮಾಡ್ಸಿ ಎರಡು ವಾರ ಆಗಿಲ್ಲ. ಸತ್ತೋನಿಗೂ ನೆಮ್ಮದಿ ಬೇಡ್ವಾ?" ಅಂದರು. ಅಡಿಕೆ ತಟ್ಟೆ ಪಕ್ಕಕ್ಕೆ ಸರಿಸಿದರು. "ಇನ್ನೊಂದು ಮಾತು, ತಪ್ಪು ತಿಳೀಬೇಡಿ. ನನ್ನ ಮಗಳು ಶೀತಲ್‌ಗೆ ದಾವಣಗೆರೆ ಗಂಡು ಬಂದಿದೆ. ಒಂದೇ ಮನೇಲಿ ಅಣ್ಣ ತಂಗಿ ಇಬ್ಬರಿಗೂ ತಲೇಲಿ ಗಡ್ಡೆ ಅಂತ ಊರೆಲ್ಲ ಗೊತ್ತು. ಅದರ ಮೇಲೆ ಜೀನ್ ಟೆಸ್ಟ್ ಅಂತ ಕಾಗದ ಬೇರೆ ಮಾಡ್ಸಿ ನಮ್ಮ ರಕ್ತಕ್ಕೆ ಸೀಲು ಹೊಡೆಸ್ಕೊಂಡು ಬರ್ಬೇಕಾ?"

ಅದು ರಕ್ತದ ಪರೀಕ್ಷೆ ಅಲ್ಲವಂತೆ ಎಂದೆ. "ನಿಮಗೆ ಗೊತ್ತೋ, ಡಾಕ್ಟರಿಗೆ ಗೊತ್ತೋ?" ಅಂದರು. ನನಗೆ ಏನು ಗೊತ್ತು? ಓದಿದ್ದು ಏಳನೆಯ ಕ್ಲಾಸು.

ಆದರೆ ಅವರ ಮಾತಿಗಾಗಿ ನಾನು ಬೇಡ ಎನ್ನುತ್ತಿಲ್ಲ. ನನ್ನ ಕಾರಣ ಬೇರೆ. ಪ್ರಸನ್ನನ ಡಾಕ್ಟರುಗಳೂ ಹೀಗೇ ಒಂದೊಂದು ಹೊಸ ಮಾತು ತಂದರು. ಆಪರೇಷನ್ ಆಯಿತು, ಕರೆಂಟು ಆಯಿತು, ಮತ್ತೆ ಇನ್ನೇನೋ ಆಯಿತು. ಪ್ರತಿ ಸಲವೂ ನಾನು ಆಸೆ ಪಟ್ಟೆ. ಕೊನೆಯ ತಿಂಗಳು ಅವನಿಗೆ ಗಂಜಿ ಕುಡಿಸುವಾಗ "ನೀವು ಯಾರ ಕಡೆಯೋರು?" ಎಂದು ಕೇಳಿದ. ಪ್ರಸನ್ನನ ಕಡೆಯವಳು ಎಂದೆ. "ಒಳ್ಳೆ ಹುಡುಗ" ಅಂದ.

ಗಡ್ಡೆಗೆ ಎಷ್ಟು ಹೆಸರಿಟ್ಟರೂ ಅದು ಗಡ್ಡೆಯೇ. ನನಗೆ ಇನ್ನೊಂದು ಸಲ ಆಸೆ ಪಡುವ ಶಕ್ತಿ ಇಲ್ಲ. ನೀನು ಇಲ್ಲಿಗೆ ಬಂದುಬಿಡು. ಇರುವಷ್ಟು ದಿನ ನನ್ನ ಕೈ ಊಟ ಉಂಡುಕೊಂಡು ಇರು. ಗದ್ದುಗೆ ಒಡೆಸುವುದಿಲ್ಲ.

ನಿನ್ನ ಹಾಸಿಗೆ ಬಿಸಿಲಿಗೆ ಹಾಕಿಟ್ಟಿರುವ
ಅಮ್ಮ

*

ವಿದ್ಯಾನಗರ
2 ಮಾರ್ಚ್ 2007

ಅಮ್ಮಾ,

ಹಾಸಿಗೆ ಒಳಗೆ ತೆಗೆದಿಡು. ನಾನು ಬರುವುದಿಲ್ಲ.

ನಾನು ಪ್ರಸನ್ನನಲ್ಲ. ಅವನು ನನ್ನ ಅಣ್ಣನೂ ಹೌದು, ನಿನ್ನ ಮಗ ಮಾತ್ರ ಅಲ್ಲ. ಸೈಕಲ್ಲಿನಲ್ಲಿ ಟೈಪಿಂಗ್ ಕ್ಲಾಸಿಗೆ ಬಿಟ್ಟು ಬರುತ್ತಿದ್ದವನು ಅವನು. ಅವನ ಗಡ್ಡೆಯನ್ನು ಯಾರೂ ನೀನು ಯಾರು ಎಂದು ಕೇಳಲಿಲ್ಲ. ಕೇಳುವುದು ಆಗ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಂದವರಿಗೆಲ್ಲ ಕೊಟ್ಟದ್ದನ್ನೇ ಅವನಿಗೂ ಕೊಟ್ಟರು. ಈಗ ನನ್ನದನ್ನು ಕೇಳುತ್ತೇವೆ ಅನ್ನುತ್ತಿದ್ದಾರೆ. ಉತ್ತರ ಕೆಟ್ಟದ್ದೇ ಬರಲಿ. ನನ್ನ ಗಡ್ಡೆಯ ಉತ್ತರ ನನಗೆ ಬೇಕು, ಅಣ್ಣನದಲ್ಲ.

ಚಿಕ್ಕಪ್ಪನಿಗೆ ಹೇಳು, ದಾವಣಗೆರೆಯವರಿಗೆ ನಾನೇ ಫೋನ್ ಮಾಡಿ ಎಲ್ಲ ವಿವರಿಸುತ್ತೇನೆ. ಈಗ ನಾನು ಮಾತಾಡುವ ವೇಗಕ್ಕೆ ಒಂದು ಗಂಟೆ ಬೇಕು, ಕಾಯುವ ಗಂಡಾದರೆ ಒಳ್ಳೆಯ ಗಂಡು ಅಂತ ಅರ್ಥ.

ಕೊನೆಯದಾಗಿ ನಿನಗೆ. ನೀನು ನನ್ನ ಒಂದು ತುಂಡನ್ನು ವಿಭೂತಿಯಲ್ಲಿಟ್ಟು ಮಣ್ಣಿಗೆ ಹಾಕಿದ್ದೀಯ. ಅದರ ಮೇಲೆ ಗದ್ದುಗೆ ಬಂದಿದೆ. ಅಯ್ಯನವರು ಬಂದು ಪೂಜೆಯೂ ಆಗಿದೆ. ಅಮ್ಮಾ, ಬದುಕಿರುವವರಿಗೆ ಇದನ್ನೆಲ್ಲ ಯಾರೂ ಮಾಡುವುದಿಲ್ಲ.

ಮಾರ್ಚ್ 28ಕ್ಕೆ ಆಪರೇಷನ್ನಿಗೆ ದಿನ ಕೊಟ್ಟಿದ್ದಾರೆ. ಅದರೊಳಗೆ ತುಂಡು ಸಿಕ್ಕರೆ ತಲೆ ತೆರೆಯುವುದಿಲ್ಲ. ಸಿಗದಿದ್ದರೆ ತೆರೆಯುತ್ತಾರೆ. ನಾನು ಒಪ್ಪಿಕೊಂಡಿದ್ದೇನೆ.

ಇನ್ನೂ ಹೂಳಿಸಿಕೊಳ್ಳದ
ಸುಮನಾ

*

ವಿದ್ಯಾನಗರ
14 ಮಾರ್ಚ್ 2007

ಅಮ್ಮಾ,

ನಿನ್ನ ಉತ್ತರ ಬರಲಿಲ್ಲ. ಇವರು ಭದ್ರಾವತಿಗೆ ಹೋಗಿ ಮಾತಾಡಿ ಬರುತ್ತೇನೆ ಎಂದರು, ಬೇಡ ಎಂದೆ. ಇದು ನಿನ್ನ ನನ್ನ ಮಧ್ಯೆ.

ಇವತ್ತು ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿ ಎನ್ನುವ ಪದ ಸಿಗಲಿಲ್ಲ. ಎದುರಿಗೇ ಇತ್ತು. ಬೆರಳು ತೋರಿಸಿ ತಂದೆ. ಅಂಗಡಿಯವನು ನನ್ನನ್ನು ಮೂಗಿ ಎಂದುಕೊಂಡು ಎರಡು ಹಸಿಮೆಣಸಿನಕಾಯಿ ಹೆಚ್ಚಿಗೆ ಹಾಕಿದ. ಪದ ಸಂಜೆ ಬಂತು, ಅಷ್ಟರಲ್ಲಿ ಪಲ್ಯ ಮುಗಿದಿತ್ತು.

ಮುಂದೆ ಯಾವತ್ತಾದರೂ ನಾನೂ ನಿನ್ನನ್ನು ಯಾರ ಕಡೆಯವರು ಎಂದು ಕೇಳಿದರೆ, ಅದನ್ನು ಗಡ್ಡೆಯ ಮೇಲೆ ಹಾಕಬೇಡ. ಸಿಮೆಂಟಿನ ಮೇಲೆ ಹಾಕು.

ಸುಮನಾ

*

ಹೊಸಮನೆ, ಭದ್ರಾವತಿ
22 ಮಾರ್ಚ್ 2007, ಗುರುವಾರ

ಸುಮನಾ,

ಮಧ್ಯಾಹ್ನ ಮೂರು ಗಂಟೆ. ಸ್ನಾನ ಮಾಡಿ ಕೂತಿದ್ದೇನೆ. ಬೆಳಿಗ್ಗೆ ಗದ್ದುಗೆಯ ಮೂಲೆ ಒಡೆಸಿದೆ. ಡಬ್ಬಿ ಸಿಕ್ಕಿದೆ. ಪಕ್ಕದ ಮನೆಯ ಜಟ್ಟಪ್ಪ ಸಂಜೆ ಶಿವಮೊಗ್ಗಕ್ಕೆ ಹೋಗುತ್ತಾನೆ, ಈ ಪತ್ರ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಇಷ್ಟು ಓದಿ ಅಳಿಯಂದಿರಿಗೆ ಹೇಳು, ಉಳಿದದ್ದನ್ನು ಆಮೇಲೆ ಓದು.

ನಿನ್ನ ಎರಡು ಪತ್ರಗಳಿಗೆ ಉತ್ತರ ಬರೆದು ಬರೆದು ಹರಿದೆ. ಬರೆದದ್ದೆಲ್ಲ ನನ್ನ ಕಷ್ಟವೇ ಆಗುತ್ತಿತ್ತು. ಮನಸ್ಸು ತಿರುಗಿದ್ದು ಪತ್ರದಿಂದಲ್ಲ. ಪ್ರತಿ ಸೋಮವಾರ ನಾನು ಗದ್ದುಗೆಯ ಮೇಲೆ ಪತ್ರೆಯನ್ನು ಎರಡು ಕಡೆ ಇಡುತ್ತಿದ್ದೆ. ಒಂದು ನಡುವೆ ಪ್ರಸನ್ನನಿಗೆ, ಇನ್ನೊಂದು ಪೂರ್ವದ ಮೂಲೆಗೆ. ಯೋಚನೆ ಮಾಡಿ ಇಟ್ಟದ್ದಲ್ಲ, ಕೈ ತಾನಾಗಿ ಇಡುತ್ತಿತ್ತು. ಈ ಸೋಮವಾರ ಎರಡನೆಯ ಪತ್ರೆ ಇಡುವಾಗ ಕೈ ನಿಂತಿತು. ಇದನ್ನು ಯಾರಿಗೆ ಇಡುತ್ತಿದ್ದೇನೆ ಎಂದು ನನ್ನನ್ನೇ ಕೇಳಿಕೊಂಡೆ. ಪತ್ರೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ.

ನಿನ್ನ ಚಿಕ್ಕಪ್ಪನನ್ನು ಮತ್ತೆ ಕೇಳಲಿಲ್ಲ. ರುದ್ರಭೂಮಿಯಲ್ಲಿ ಗುಂಡಿ ತೆಗೆಯುವ ಹಿರಿಯಣ್ಣನನ್ನು ಹುಡುಕಿ ಹೇಳಿದೆ. ಇವತ್ತು ಬೆಳಿಗ್ಗೆ ಹಾರೆ, ಚಾಣ, ಸುತ್ತಿಗೆ ಹಿಡಿದು ಹೊಲಕ್ಕೆ ಬಂದ. ಗದ್ದುಗೆ ತೋರಿಸಿದೆ. ಹಾರೆಯ ಮೇಲೆ ಕೈಯಿಟ್ಟು ನಿಂತುಬಿಟ್ಟ.

"ಹೂಳು ಅಂದೋರನ್ನ ನೋಡಿದೀನಿ ಕಣವ್ವ. ತೆಗಿ ಅಂದೋರು ನೀವೇ ಮೊದ್ಲು."

"ಮಗನನ್ನ ಮುಟ್ಟೋದು ಬೇಡ. ಈ ಮೂಲೇಲಿ ಒಂದು ಡಬ್ಬಿ ಇದೆ. ಅದು ಮಗಳದು."

"ಅಯ್ಯೋ. ಅವ್ರೂ ಹೋಗ್ಬಿಟ್ರಾ?"

"ಇಲ್ಲ. ಶಿವಮೊಗ್ಗದಲ್ಲಿ ಟೈಪಿಂಗ್ ಹೇಳಿಕೊಡ್ತಾಳೆ."

"ಹಂಗಾದ್ರೆ ಬೇಗ ತೆಗೀಬೇಕು" ಅಂದು ಚಾಣ ಇಟ್ಟ.

ಮೊದಲ ಟೈಲ್ಸ್ ಒಡೆದ ಸದ್ದು ನನ್ನ ಎದೆಗೇ ಬಿತ್ತು. ಕಣ್ಣು ಮುಚ್ಚಲಿಲ್ಲ. ಅರ್ಧ ಕೆಲಸ ಆಗುವಷ್ಟರಲ್ಲಿ ನಿನ್ನ ಚಿಕ್ಕಪ್ಪನ ಸ್ಕೂಟರ್ ಬಂತು. ಯಾರು ಹೇಳಿದರೋ.

"ಏನ್ ಮಾಡ್ತಿದೀರಿ ಅತ್ತಿಗೆ?"

"ಮೂಲೆ ಒಡೆಸ್ತಿದೀನಿ."

"ನನ್ನ ಒಂದ್ ಮಾತು ಕೇಳ್ದೆ?"

"ಕೇಳಿದ್ದೆನಲ್ಲ. ನೀವು ಬೇಡ ಅಂದ್ರಿ. ಅದಕ್ಕೇ ಈ ಸಲ ಕೇಳ್ಲಿಲ್ಲ."

ಹಿರಿಯಣ್ಣ ಕೈ ನಿಲ್ಲಿಸಿದ. ನೀನು ನಿಲ್ಲಿಸಬೇಡ ಎಂದೆ. "ಲೇ, ನಿಲ್ಸೋ" ಎಂದು ಅವರು ಗದರಿದರು. ಹಿರಿಯಣ್ಣ ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿ, "ಗೌಡ್ರೇ, ಕರೆಸಿದ್ದು ಅವ್ವೋರು" ಅಂದು ಮತ್ತೆ ಕುಟ್ಟಿದ.

"ಜನ ಏನಂತಾರೆ ಗೊತ್ತಾ? ಮಗನ ಗದ್ದುಗೆ ಒಡೆಸ್ದೋಳು ಅಂತಾರೆ."

"ಅನ್ಲಿ. ಮಗಳನ್ನ ಹೂತೋಳು ಅನ್ನೋದಕ್ಕಿಂತ ವಾಸಿ. ಹೊಲದ ಈ ಅಂಚು ನಿಮ್ಮಣ್ಣನ ಪಾಲು ಕೊಟ್ರಬಸಪ್ಪ. ಇಲ್ಲಿ ಏನು ಕಟ್ಟಬೇಕು, ಏನು ಒಡೀಬೇಕು ನಾನು ನೋಡ್ಕೋತೀನಿ."

ಮದುವೆಯಾಗಿ ಬಂದಾಗಿನಿಂದ ನಾನು ಅವರನ್ನು ಹೆಸರು ಹಿಡಿದು ಕರೆದವಳಲ್ಲ. ಅವರು ಸ್ಕೂಟರ್ ತಿರುಗಿಸಿದರು. ನಮ್ಮ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಹೋದರು. ಅದನ್ನು ಸ್ಕೂಟರ್ ಶುರು ಮಾಡುವ ಮೊದಲೇ ಹೇಳಿದ್ದರೆ ಸರಿಯಾಗಿ ಕೇಳುತ್ತಿತ್ತು.

ಡಬ್ಬಿಯ ಹೊರಗೆಲ್ಲ ಮಣ್ಣು ಮೆತ್ತಿತ್ತು. ಮುಚ್ಚಳ ತೆಗೆದರೆ ಒಳಗೆ ವಿಭೂತಿ ಒಣಗಿ ಹಾಗೇ ಇತ್ತು, ತೇವ ಇರಲಿಲ್ಲ. ಬೆರಳಾಡಿಸಿದೆ. ಸಿಕ್ಕಿತು. ಪ್ಲಾಸ್ಟಿಕ್ಕಿನ ಚೌಕಟ್ಟು, ಅದರ ಮೇಲೆ ಬಿಳಿ ಮೇಣ. ಚೌಕಟ್ಟಿನ ಅಂಚಿನಲ್ಲಿ ಬರೆದ ನಂಬರು ಓದಲು ಬರುತ್ತದೆ. ಮೇಣದ ಒಳಗೆ ಒಂದು ಬೇಳೆಯಷ್ಟು ಕಂದು ಬಣ್ಣ. ಇಷ್ಟೇನಾ ಎನ್ನಿಸಿತು. ಇಷ್ಟಕ್ಕೆ ಇಷ್ಟು.

ಒಡೆದ ಮೂಲೆಯನ್ನು ಮಣ್ಣಿನಲ್ಲಿ ಮುಚ್ಚಿಸಿದ್ದೇನೆ. ಟೈಲ್ಸ್ ಹಾಕಿಸುವುದಿಲ್ಲ. ಹಾಗೇ ಇರಲಿ.

ಅಳಿಯಂದಿರು ನಾಳೆ ರಜೆ ಹಾಕಲಿ. ಏಳು ಗಂಟೆಯ ಬಸ್ಸಿಗೆ ಬರುತ್ತಿದ್ದೇನೆ, ಡಬ್ಬಿ ನನ್ನ ಮಡಿಲಲ್ಲಿರುತ್ತದೆ.

ಸುಮನಾಳ ಕಡೆಯವಳು,
ಸುಭದ್ರಮ್ಮ

*

ವಿದ್ಯಾನಗರ
17 ಏಪ್ರಿಲ್ 2007

ಅಮ್ಮಾ,

ಉತ್ತರ ಬಂದಿದೆ. ಗಡ್ಡೆಯ ಬರಹದಲ್ಲಿ ಎರಡೂ ತುಂಡು ಬಿಟ್ಟುಹೋಗಿವೆ. ಒಂದನೆಯದರಲ್ಲೂ ಇಲ್ಲ, ಹತ್ತೊಂಬತ್ತನೆಯದರಲ್ಲೂ ಇಲ್ಲ. ನಕಲು ಮಾಡುವುದರಲ್ಲಿ ಇಷ್ಟು ಕೆಟ್ಟ ಹುಡುಗಿ ನನ್ನ ಇನ್‌ಸ್ಟಿಟ್ಯೂಟಿನಲ್ಲಿದ್ದಿದ್ದರೆ ಫೇಲ್ ಮಾಡಿ ಕಳಿಸುತ್ತಿದ್ದೆ. ಇವಳು ಮಾಡಿದ ತಪ್ಪಿಗೆ ನಾನು ಕೈಮುಗಿದೆ.

ಇವರು ತುಂಡನ್ನು ಹಾಕಿ ಒಯ್ದ ಕವರನ್ನು ಡಾಕ್ಟರು ಬಿಚ್ಚಿದಾಗ, "ಎಲ್ಲಿಟ್ಟಿದ್ರಿ ಇದನ್ನ? ಎಲ್ಲ ಬೂದಿ" ಅಂದಿದ್ದರಂತೆ. ಇವರು "ದೇವರ ಹತ್ರ ಮೇಡಂ" ಅಂದರಂತೆ. ಹಾಳಾಗಿಲ್ಲ, ಪರೀಕ್ಷೆಗೆ ಸಾಕು ಅಂದರಂತೆ. 28ರ ಆಪರೇಷನ್ ನಿಲ್ಲಿಸಿದ್ದು ನಿನಗೆ ಗೊತ್ತೇ ಇದೆ. ಈಗ ಕರೆಂಟೂ ಸದ್ಯಕ್ಕೆ ಇಲ್ಲ. ಮಾತ್ರೆ ಮಾತ್ರ, ತಿಂಗಳಿಗೆ ಐದು ದಿನ.

ನಿನಗೆ ಸುಳ್ಳು ಆಸೆ ಕೊಡುವುದಿಲ್ಲ. ಡಾಕ್ಟರು ಹೇಳಿದ್ದನ್ನೇ ಬರೆಯುತ್ತೇನೆ. "ಇದು ಮಾತು ಕೇಳೋ ಗಡ್ಡೆ, ಅಷ್ಟು ಹೇಳ್ತೀನಿ. ಎಷ್ಟು ವರ್ಷ ಕೇಳುತ್ತೆ ಅಂತ ನನ್ನ ಕೇಳ್ಬೇಡಿ." ನಾನು ಕೇಳಲಿಲ್ಲ. ಅದು ಮಾತು ಕೇಳದ ದಿನ ನಾನೂ ಕೇಳುವುದಿಲ್ಲ.

ಅಣ್ಣನದು ಯಾವ ಥರದ್ದಿತ್ತು ಎಂದು ಕೇಳಿದೆ. ತುಂಡು ಇಲ್ಲದೆ ಹೇಳಲಾಗುವುದಿಲ್ಲ ಅಂದರು. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಸೋಮವಾರ ಶುರು. ಬಂದುಬಿಡು.

ಎಡಗೈಯ ಜೊತೆ ಬಲಗೈಯ ಒಂದು ಬೆರಳಲ್ಲೂ ಟೈಪ್ ಮಾಡಿದ
ಸುಮನಾ

*

ಹೊಸಮನೆ, ಭದ್ರಾವತಿ
22 ಏಪ್ರಿಲ್ 2007, ಭಾನುವಾರ

ಸುಮನಾ,

ಸಂಜೆ ಆರು ಗಂಟೆ. ಬೆಳಿಗ್ಗೆ ಮಳೆ ಬರುವ ಹಾಗಿತ್ತು, ಬರಲಿಲ್ಲ. ನಾಳೆ ಆಗುವುದಿಲ್ಲವೆಂದು ಇವತ್ತೇ ಹೊಲಕ್ಕೆ ಹೋಗಿ ಬಂದೆ. ಮಧ್ಯಾಹ್ನ ನಿನಗೆ ಚಟ್ನಿಪುಡಿ ಕುಟ್ಟಿದೆ, ಖಾರ ಕಡಿಮೆ ಹಾಕಿದ್ದೇನೆ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತೇನೆ. ಎದುರಿಗೆ ಹೇಳಲು ಆಗದೆ ಇರುವುದು ಇದರಲ್ಲಿದೆ.

ಅಣ್ಣನ ವಿಷಯ ಬರೆದದ್ದು ಒಳ್ಳೆಯದಾಯಿತು. ಓದಿ ಗದ್ದುಗೆಯ ಹತ್ತಿರ ಬಹಳ ಹೊತ್ತು ಕೂತಿದ್ದೆ. ಅವನಿಗೂ ನಿನ್ನಂಥದ್ದೇ ಇದ್ದಿದ್ದರೆ ಎಂಬ ಯೋಚನೆ ಬರುತ್ತದೆ, ಬರಲಿ. ಅದನ್ನು ಯಾರೂ ಹೇಳಲಾರರು, ನಾನು ಅದನ್ನು ಹೊತ್ತುಕೊಂಡೇ ಇರುತ್ತೇನೆ. ಆದರೆ ಅದನ್ನು ನಿನ್ನ ಮೇಲೆ ಇಳಿಸುವುದಿಲ್ಲ. ಅವನದು ಅವನದು, ನಿನ್ನದು ನಿನ್ನದು. ಇಷ್ಟು ಕಲಿಯಲು ನನಗೆ ಸುತ್ತಿಗೆ ಬೇಕಾಯಿತು.

ಶೀತಲ್ ಗುರುವಾರ ಬಂದಿದ್ದಳು, ಅಪ್ಪನಿಗೆ ಹೇಳದೆ. ದಾವಣಗೆರೆಯವರು ಇನ್ನೂ ಏನೂ ಹೇಳಿಲ್ಲವಂತೆ. "ದೊಡ್ಡಮ್ಮ, ಅವರು ಬೇಡ ಅಂದ್ರೆ ನಾನೂ ಬೇಡ ಅಂತೀನಿ, ಯಾರು ಮೊದ್ಲು ಅನ್ನೋದಷ್ಟೇ" ಅಂದಳು. ಎರಡು ರೊಟ್ಟಿ ತಿಂದು ಹೋದಳು. ಊರಿನವರು ಬಸ್‌ಸ್ಟಾಂಡಿನಲ್ಲಿ ನನ್ನನ್ನು ತೋರಿಸಿ ಮಾತಾಡುತ್ತಾರೆ. ನಾನೂ ತಿರುಗಿ ನೋಡುತ್ತೇನೆ.

ಆಸ್ಪತ್ರೆಯವರು ಉಳಿದ ಮೇಣವನ್ನು ವಾಪಸು ಕೊಟ್ಟರೆ ನನ್ನ ಕೈಗೆ ಕೊಡಬೇಡ. ನಿನ್ನ ಬೀರುವಿನಲ್ಲಿ ಇಟ್ಟುಕೋ, ಮುಂದೆ ಇನ್ನೇನಾದರೂ ಹೊಸ ಪರೀಕ್ಷೆ ಬಂದರೆ ಬೇಕಾದೀತು. ಡಬ್ಬಿಯನ್ನು ತೊಳೆದೆ. ಚಟ್ನಿಪುಡಿ ಅದರಲ್ಲೇ ತರುತ್ತಿದ್ದೇನೆ. ಮುಖ ಸಿಂಡರಿಸಬೇಡ.

ಈಗ ಪತ್ರೆ ಒಂದೇ ಕಡೆ ಇಡುತ್ತೇನೆ.

ನಾಳೆ ನೀನು ಬರೀ ಹೊಟ್ಟೆಯಲ್ಲಿ ಮಾತ್ರೆ ನುಂಗಬೇಕು, ಒಂದು ಗಂಟೆ ಏನೂ ತಿನ್ನುವ ಹಾಗಿಲ್ಲ. ಅಲ್ಲಿಯವರೆಗೆ ನಾನೂ ಉಣ್ಣುವುದಿಲ್ಲ.

ಅಮ್ಮ